ಮನಸ್ಸು ಹೋದದ್ದೆಲ್ಲಿಗೆ ಎಂದು ಕೇಳಬಾರದೇ?

ಧ್ಯಾನ ಕಲಿಸುವವರು ಈಗೀಗ ಒಂದು ಸಮಾಧಾನದ ಮಾತು ಹೇಳುತ್ತಾರೆ. ಮನಸ್ಸು ಅಲೆಯುವುದು ತಪ್ಪಲ್ಲ, ಅದರ ಸ್ವಭಾವವೇ ಹಾಗೆ. ಓಡಿಹೋದದ್ದು ಗೊತ್ತಾದ ಕೂಡಲೇ ಬೈಯದೆ, ಬೇಸರಿಸದೆ ಉಸಿರಿನ ಹತ್ತಿರ ಕರೆತನ್ನಿ. ಹಾಗೆ ಮತ್ತೆ ಮತ್ತೆ ಕರೆತರುವುದೇ ಧ್ಯಾನ. ಮನಸ್ಸನ್ನು ಕಟ್ಟಿಹಾಕು ಎಂದು ಗದರಿಸುತ್ತಿದ್ದ ಹಳೆಯ ಕಾಲದ ಗುರುಗಳಿಗಿಂತ ಇವರು ಎಷ್ಟೋ ವಾಸಿ. ಆದರೂ ನನ್ನದೊಂದು ತಕರಾರಿದೆ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕರೆತನ್ನಿ ಎನ್ನುವ ಯಾರೂ ಅದು ಎಲ್ಲಿಗೆ ಹೋಗಿತ್ತು ಎಂದು ಕೇಳುವುದಿಲ್ಲ.

ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರ ಕಡೆಯ ಕನ್ನಡದ ಮನೆಗಳನ್ನೇ ನೋಡಿ. ಒಲೆಯ ಮುಂದೆ ಕನ್ನಡ, ಶಾಲೆ-ಕಚೇರಿಯಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿಯೋ ದಖನಿಯೋ. ಧ್ಯಾನದ ಸೂಚನೆ ಮೊಬೈಲಿನಿಂದ ಹಿಂದಿಯಲ್ಲಿ ಬರುತ್ತದೆ, ಮನಸ್ಸು ಕನ್ನಡದಲ್ಲೇ ಎದ್ದು ಹೋಗುತ್ತದೆ. ‘ಕಣ್ಣು ಮುಚ್ಚಿ ಕುಂತ್ರ ಮನಸ್ಸು ಹೊಲಕ್ಕೇ ಹೋಗ್ತದ್ರಿ’ ಎನ್ನುವುದು ಈ ಕಡೆ ಯಾರ ಬಾಯಲ್ಲಾದರೂ ಬರುವಂಥ ಮಾತು. ಹೊಲಕ್ಕೆ ಹೋಗಿ ಅದು ಮಾಡುವುದಾದರೂ ಏನು? ಸೋಯಾ ಕಟಾವಿಗೆ ಬಂದಿದೆ, ಮಳೆ ಬಿಡುವು ಕೊಟ್ಟಿಲ್ಲ. 2024ರ ಹಂಗಾಮಿಗೆ ಸರ್ಕಾರ ಕ್ವಿಂಟಲಿಗೆ 4,892 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ಲಾತೂರಿನ ಮಾರುಕಟ್ಟೆಯಲ್ಲಿ ಸುಗ್ಗಿಯ ಹೊತ್ತಿಗೆ ಅಷ್ಟು ಸಿಗಲಿಲ್ಲ. ಈಗಲೇ ಮಾರಬೇಕೋ, ಮನೆಯಲ್ಲಿ ಒಟ್ಟಿಕೊಂಡು ಕಾಯಬೇಕೋ? ಕಾದರೆ ಸಾಲದ ಕಂತು ಯಾರು ಕಟ್ಟುತ್ತಾರೆ? ವಿಚಾರಗಳು ಆಕಾಶದ ಮೋಡಗಳಿದ್ದಂತೆ, ಬಂದು ಹೋಗುತ್ತವೆ, ಸುಮ್ಮನೆ ಬಿಟ್ಟುಬಿಡಿ ಎಂದು ಗುರುಗಳು ಹೇಳುತ್ತಾರೆ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತರಿಸಿಕೊಂಡ ಲಾತೂರ್ ಜಿಲ್ಲೆಯಲ್ಲಿ ಮೋಡವನ್ನು ನೋಡದೆ ಬಿಟ್ಟುಬಿಡುವವರು ಯಾರಿದ್ದಾರೆ?

ಅಲೆಯುವ ಮನಸ್ಸು ದುಃಖದ ಮನಸ್ಸು ಎಂದು ವಿಜ್ಞಾನವೇ ಹೇಳಿದೆಯಲ್ಲ ಎನ್ನುತ್ತಾರೆ. ಹೌದು, ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅದೇ ಹೆಸರು. 2,250 ಜನರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನಿನ ಮೂಲಕ ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ ಎಂದು ಕೇಳಿದರು. ಹೆಚ್ಚುಕಡಿಮೆ ಶೇ. 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಶಿಬಿರಗಳಲ್ಲಿ ಹೇಳುವ ಕತೆ ಇಲ್ಲಿಗೇ ನಿಲ್ಲುತ್ತದೆ. ಅದೇ ಲೇಖನದಲ್ಲಿ ಮುಂದಿನ ಮಾತೂ ಇದೆ: ಹಿತವಾದ ವಿಷಯಕ್ಕೆ ಹೋದ ಮನಸ್ಸು ಕೈಯ ಕೆಲಸದಲ್ಲೇ ಇದ್ದ ಮನಸ್ಸಿಗಿಂತ ಹೆಚ್ಚು ಸುಖಿಯಾಗಿರಲಿಲ್ಲ ನಿಜ, ಕಡಿಮೆ ಸುಖಿಯೂ ಆಗಿರಲಿಲ್ಲ. ಕುಸಿದದ್ದು ಅಹಿತವಾದ ಕಡೆ ಹೋದಾಗ, ಅದಕ್ಕಿಂತ ಕಡಿಮೆ ಮಟ್ಟಿಗೆ ಇತ್ತಲೂ ಅಲ್ಲದ ಅತ್ತಲೂ ಅಲ್ಲದ ವಿಷಯಕ್ಕೆ ಹೋದಾಗ. ಅಂದರೆ ಹೋದ ಜಾಗಕ್ಕೂ ಲೆಕ್ಕವಿದೆ. ಅಷ್ಟಲ್ಲದೆ ಆ 2,250 ಮಂದಿಯೂ ಐಫೋನ್ ಇದ್ದವರು, ಬಹುಪಾಲು ಅಮೆರಿಕದವರು. ನಿಲಂಗಾದ ಸೋಯಾ ಬೆಳೆಗಾರ ಅವರಲ್ಲಿ ಇರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಕರೆತರುವ ಈ ವಿಧಾನ ಶಿಬಿರಕ್ಕೆ ಹುಟ್ಟಿದ್ದು, ಮನೆಗಲ್ಲ. ಇಗತ್‌ಪುರಿಯಲ್ಲಿ ಗೋಯೆಂಕಾ ಅವರು ಕಟ್ಟಿದ ವಿಪಶ್ಯನಾ ಕೇಂದ್ರಕ್ಕೆ ಹತ್ತು ದಿನ ಹೋದವರು ಫೋನ್ ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ, ಮಾತಾಡುವಂತಿಲ್ಲ. ಅಡುಗೆ ಬೇರೆಯವರು ಮಾಡುತ್ತಾರೆ. ಅಲ್ಲಿ ಕೂತವನ ಮನಸ್ಸು ಅಡತಿ ಅಂಗಡಿಗೆ ಓಡಿದರೂ ಮಾಡುವಂಥದ್ದೇನಿಲ್ಲ. ವಾಪಸ್ ಬಾ ಎನ್ನುವುದೇ ಸರಿ. ಅದೇ ನಿಯಮವನ್ನು ಬೆಳಿಗ್ಗೆ ಐದೂವರೆಗೆ, ಒಲೆಯ ಮೇಲೆ ಹಾಲಿಟ್ಟು ಹತ್ತು ನಿಮಿಷ ಕೂತ ಸೊಸೆಗೆ ಹೇಳಿದರೆ ಹೇಗೆ? ಹಾಲಿನ ಕಡೆ ಹೋದ ಅವಳ ಮನಸ್ಸು ಅಲೆದದ್ದಲ್ಲ, ಕೆಲಸಕ್ಕೆ ಹೋದದ್ದು.

ಮುಗಿಯದ ಕೆಲಸ ತಲೆಯೊಳಗೆ ಯಾಕೆ ಕೂಗುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪರೀಕ್ಷಿಸಿದ್ದರು. ಅರ್ಧಕ್ಕೆ ನಿಂತ ಕೆಲಸವನ್ನು ನೆನೆಸಿಕೊಂಡವರಿಗೆ ಓದಲು ಕೊಟ್ಟರೆ ಮನಸ್ಸು ನಿಲ್ಲುತ್ತಿರಲಿಲ್ಲ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ಖಚಿತವಾಗಿ ಗೊತ್ತುಮಾಡಿಕೊಂಡವರಲ್ಲಿ ಆ ಕಾಟ ಇಳಿಯಿತು. ಕೆಲಸ ಇನ್ನೂ ಆಗಿರಲಿಲ್ಲ ಎಂಬುದನ್ನು ಗಮನಿಸಿ. ಗೊತ್ತುಮಾಡಿಕೊಂಡದ್ದಷ್ಟೇ ಸಾಕಾಗಿತ್ತು. ಸಾಲದ ಕಂತಿಗೆ ನೂರು ಸಲ ಓಡುವ ಮನಸ್ಸನ್ನು ನೂರು ಸಲ ಉಸಿರಿಗೆ ತರುವುದಕ್ಕಿಂತ, ಒಮ್ಮೆ ಕಣ್ಣು ಬಿಟ್ಟು ‘ಸೋಮವಾರ ಬ್ಯಾಂಕಿಗೆ’ ಎಂದು ಬರೆದಿಟ್ಟು ಕೂರುವುದು ಸುಲಭ.

ಬರೆದಿಟ್ಟರೆ ಮುಗಿಯದ ಜಾಗಗಳೂ ಇವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ, ಕಿಲ್ಲಾರಿ-ಸಾಸ್ತೂರ್ ಸುತ್ತಿನ ಹಳ್ಳಿಗಳಲ್ಲಿ ಭೂಕಂಪಕ್ಕೆ ಕಲ್ಲು-ಮಣ್ಣಿನ ಗೋಡೆಗಳು ಮಲಗಿದವರ ಮೇಲೆ ಕುಸಿದವು. ಲಾತೂರ್, ಉಸ್ಮಾನಾಬಾದ್ ಎರಡು ಜಿಲ್ಲೆ ಸೇರಿ ಸತ್ತವರು ಸುಮಾರು ಹತ್ತು ಸಾವಿರ. ಗಣಪತಿ ಕಳಿಸಿ ಬಂದು ಮಲಗಿದ್ದ ರಾತ್ರಿ ಅದು. ಆ ಹೊತ್ತನ್ನು ಕಂಡವರಿಗೆ ಅದೇ ಹೊತ್ತಿನಲ್ಲಿ, ಬ್ರಾಹ್ಮೀ ಮುಹೂರ್ತವೆಂದು ಎಬ್ಬಿಸಿ, ಕತ್ತಲಲ್ಲಿ ಕಣ್ಣು ಮುಚ್ಚಿಸಿ, ಬಂದದ್ದನ್ನೆಲ್ಲ ಬಿಟ್ಟು ಉಸಿರಿಗೆ ಬನ್ನಿ ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಆಘಾತ ಉಂಡವರೊಂದಿಗೆ ಕೆಲಸ ಮಾಡುವ ಧ್ಯಾನ ಶಿಕ್ಷಕರು ಈಗ ಕಣ್ಣು ತೆರೆದಿರಿ, ಬೇಕಾದರೆ ನಿಲ್ಲಿಸಿ, ಕಾಲಡಿಯ ನೆಲವನ್ನು ಗಮನಿಸಿ ಎಂದು ಹೇಳಿಕೊಡುತ್ತಾರೆ. ಒಳ್ಳೆಯದೇ. ನೆಲವೇ ನಡುಗಿದ ಊರಿನಲ್ಲಿ ಕೊನೆಯ ಸಲಹೆಯನ್ನು ಎರಡು ಸಲ ಯೋಚಿಸಿ ಕೊಡಬೇಕಷ್ಟೇ.

ಈ ಸೀಮೆಯ ಲಿಂಗಾಯತ ಮನೆಗಳಲ್ಲಿ ಮೊದಲಿನಿಂದಲೂ ಇರುವ ಇಷ್ಟಲಿಂಗ ಪೂಜೆಗೆ ಕಣ್ಣು ಮುಚ್ಚುವ ಹಂಗಿಲ್ಲ. ಎಡಗೈಯ ಮೇಲೆ ಲಿಂಗ, ಅದರ ಕಪ್ಪು ಮೈಯ ಮೇಲೆ ದೀಪದ ಬೆಳಕಿನ ಚುಕ್ಕೆ, ನೋಟ ಅಲ್ಲಿ. ಬಲಗೈಗೆ ನೀರು, ವಿಭೂತಿ, ಪತ್ರೆಯ ಕೆಲಸ, ನಾಲಿಗೆಗೆ ಪಂಚಾಕ್ಷರಿ. ಆಗಲೂ ಮನಸ್ಸು ಓಡುತ್ತದೆ. ಆದರೆ ಮನಸ್ಸು ಓಡಿತೆಂದು ಯಾವ ಅಜ್ಜಿಯೂ ಇವತ್ತಿನ ಪೂಜೆ ಕೆಟ್ಟಿತು ಎಂದದ್ದನ್ನು ನಾನು ಕೇಳಿಲ್ಲ. ಪೂಜೆ ಆಯಿತೇ ಎಂದು ಕೇಳುತ್ತಾರೆ, ಹೇಗಾಯಿತು ಎಂದು ಕೇಳುವುದಿಲ್ಲ. ಮೊಬೈಲಿನ ಧ್ಯಾನಕ್ಕೆ ಬಂದವರಲ್ಲಿ ಈ ನೆಮ್ಮದಿ ಕಡಿಮೆ. ಅವರ ಫೋನು ಎಷ್ಟು ದಿನ ಬಿಡದೆ ಕೂತಿರಿ ಎಂದು ಲೆಕ್ಕ ಇಡುತ್ತದೆ.

ಎದುರು ವಾದ ಗಟ್ಟಿಯಾಗಿಯೇ ಇದೆ, ಅದನ್ನು ಮುಚ್ಚಿಡಲಾರೆ. ಎಲ್ಲಿಗೆ ಹೋಯಿತು ಎಂದು ಕೇಳುತ್ತ ಹೋದರೆ ಮನಸ್ಸಿನ ಹಿಂದೆ ನಾವೂ ಹೊರಟುಬಿಡುತ್ತೇವೆ, ಧ್ಯಾನ ಹಗಲುಗನಸಾಗುತ್ತದೆ. ನಿಜ. ಅದಕ್ಕೇ ನಾನು ಹೇಳುವುದು ಹಿಂಬಾಲಿಸಿ ಎಂದಲ್ಲ. ಒಂದು ಸಲ ತಿರುಗಿ ನೋಡಿ, ಅಷ್ಟೇ. ಹಳೆಯ ಸಿನಿಮಾ ಹಾಡಿಗೆ ಹೋಗಿದ್ದರೆ ಕರೆತನ್ನಿ, ಗುರುಗಳ ಮಾತೇ ಮಾತು. ಮೂರು ದಿನದಿಂದ ಒಂದೇ ಕಡೆ ಹೋಗುತ್ತಿದ್ದರೆ ಅಲ್ಲಿ ಏನೋ ಇದೆ.

ಉಮರಗಾದಿಂದ ಹೈದರಾಬಾದಿನ ದಾರಿ ಹಿಡಿದರೆ ಬಸವಕಲ್ಯಾಣ ದೂರವೇನಲ್ಲ. ತನ್ನ ಮನಸ್ಸು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ ಎಂದು ಬಸವಣ್ಣ ಕೂಡಲಸಂಗಮನಿಗೆ ದೂರು ಕೊಟ್ಟದ್ದು ಎಲ್ಲರಿಗೂ ಗೊತ್ತು. ಕಲ್ಯಾಣದ ಭಂಡಾರದ ಲೆಕ್ಕ ನೋಡಿಕೊಂಡು, ಮನೆ ನಡೆಸಿಕೊಂಡು, ಜಂಗಮರ ದಾಸೋಹ ಮಾಡಿಕೊಂಡಿದ್ದ ಮನುಷ್ಯ ಅವರು. ಹತ್ತು ದಿನದ ಬಿಡುವು ಯಾರೂ ಕೊಟ್ಟಿರಲಿಲ್ಲ. ಮನಸ್ಸು ಹಾರಿದಾಗಲೆಲ್ಲ ಸುಮ್ಮನೆ ಕರೆತಂದು ಕೂರಿಸಿದ್ದರೆ ಆ ದೂರು ವಚನವಾಗುತ್ತಿರಲಿಲ್ಲ. ಹಾರಿದ್ದನ್ನು ನೋಡಿದರು, ಹೇಳಿದರು, ಯಾರೋ ಬರೆದಿಟ್ಟುಕೊಂಡರು. ಹಾಗಾಗಿ ವಿಭೂತಿ ಗಟ್ಟಿಯ ಪಕ್ಕ ಒಂದು ತುಂಡು ಪೆನ್ಸಿಲ್ ಇಟ್ಟರೆ ಪೂಜೆಗೆ ಮೈಲಿಗೆಯೇ ಎಂದು ಮಠದ ಅಪ್ಪಾವರನ್ನು ಕೇಳಬೇಕೆಂದಿದ್ದೇನೆ. ಮೈಲಿಗೆಯನ್ನೇ ಒಪ್ಪದವರ ಮಠ, ಬೇಡ ಎನ್ನಲಾರರು.