ಮನಸ್ಸಿನ ಪಾಠಕ್ಕೆ ಮೇಷ್ಟರಿಲ್ಲವೇ?

ನಮ್ಮೂರಿನಲ್ಲಿ ಬೀದಿಗೊಂದು ಟ್ಯೂಷನ್ ಬೋರ್ಡಿದೆ. ಗಣಿತಕ್ಕೆ, ಭೌತಶಾಸ್ತ್ರಕ್ಕೆ ಬೆಳಗಿನ ಐದೂವರೆಗೇ ಬ್ಯಾಚು. ಆದರೆ ಎರಡನೇ ಪಿಯುಸಿ ಓದುವ ಮಗಳಿಗೆ ಮನಶ್ಶಾಸ್ತ್ರ ಹೇಳಿಕೊಡುವವರನ್ನು ಹುಡುಕಿ ಹೊರಟ ನನಗೆ ಸಿಕ್ಕಿದ್ದು ಬರೀ ಉಪದೇಶ. “ಹುಚ್ಚರ ಪಾಠ ಹುಡುಗಿಗೇಕೆ? ನಾಳೆ ಗಂಡು ಸಿಗಬೇಡವೇ?” ಎಂದರು ಪಕ್ಕದ ಮನೆಯಾಕೆ. “ಗೈಡು ಉರು ಹೊಡೆಯಲಿ ಬಿಡಿ” ಎಂದರು ಒಬ್ಬ ಮೇಷ್ಟರು.

ಉರು ಹೊಡೆಯಲು ಇದೇನು ಮಗ್ಗಿಯೇ? ನೆನಪು ಹೇಗೆ ಉಳಿಯುತ್ತದೆ, ಬುದ್ಧಿಯನ್ನು ಅಳೆಯುವುದು ಹೇಗೆ ಎಂದು ಮಾಡಿ ನೋಡಿ ಕಲಿಯುವ ವಿಷಯವಿದು. ಪ್ರಯೋಗ ಪರೀಕ್ಷೆಯೂ ಉಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಇದರ ವಿಭಾಗ ಶುರುವಾಯಿತು. ಅದನ್ನು ಬೆಳೆಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದವರು. ರೇಡಿಯೋವನ್ನು ನಾವು ಒಳಗೆ ಕರೆದುಕೊಂಡೆವು. ಮನಶ್ಶಾಸ್ತ್ರವನ್ನು ಮಾತ್ರ ಹೊಸ್ತಿಲಾಚೆಯೇ ನಿಲ್ಲಿಸಿದೆವು.

ನಾವು ಕೇಳುವುದಿಲ್ಲ, ಅದಕ್ಕೇ ಕಲಿಸುವವರಿಲ್ಲ. ನಿದ್ದೆ ಬಾರದ ಸೊಸೆಗೆ ದೃಷ್ಟಿ ತೆಗೆಯುತ್ತೇವೆ, ಬಾಣಂತಿ ಅತ್ತರೆ ಗದರುತ್ತೇವೆ. ಹೆಣ್ಣಿನ ಮನಸ್ಸಿಗೂ ಒಂದು ಶಾಸ್ತ್ರವಿದೆಯೆಂದು ಒಪ್ಪಲು ನಮಗೇ ಸಂಕೋಚ. ಈ ವಿಷಯದಲ್ಲಿ ಎಂ.ಎ. ಮಾಡಿ ಮನೆಯಲ್ಲೇ ಕುಳಿತ ಹೆಣ್ಣುಮಕ್ಕಳು ನಿಮ್ಮೂರಿನಲ್ಲೂ ಇದ್ದಾರು. ಅವರ ಬಾಗಿಲು ತಟ್ಟಿ. ಗಣಿತದ ಮೇಷ್ಟರಿಗೆ ಕೊಡುವಷ್ಟೇ ಫೀಸು ಕೊಡಿ, ಚೌಕಾಶಿ ಬೇಡ.