ಪೋಸ್ಟ್‌ಮ್ಯಾನ್ ಓದುವ ವಿಳಾಸವನ್ನು ಕಂಪ್ಯೂಟರ್ ಓದಲಾರದೇ?

ಕನ್ನಡದ ಯುವಕ ಯುವತಿಯರೇ,

ನಿಮ್ಮ ಜೇಬಿನಲ್ಲಿರುವ ವಿಸಿಟಿಂಗ್ ಕಾರ್ಡ್ ಒಂದನ್ನು ತೆಗೆದು ನೋಡಿ. ಹೆಸರು ಕನ್ನಡ, ಊರು ಕನ್ನಡ, ಉದ್ಯೋಗವೂ ಕನ್ನಡ ಎಂದೇ ಇಟ್ಟುಕೊಳ್ಳೋಣ. ಕೊನೆಯ ಸಾಲಿಗೆ ಬನ್ನಿ. ಇ-ಮೇಲ್! ಅಲ್ಲಿ ಮಾತ್ರ ಇಂಗ್ಲಿಷ್ ಕಾಲ ಮೇಲೆ ಕಾಲು ಹಾಕಿ ಕೂತಿದೆ. ಯಾಕೆ ಎಂದು ಯಾವತ್ತಾದರೂ ಕೇಳಿದ್ದೀರಾ?

ನಾನು ಅಲೆವೂರಿನಲ್ಲಿ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಅಪ್ಪನ ಕಾಲದ ಮೊಳೆ ಕೇಸು, ಟ್ರೆಡಲ್ ಎರಡನ್ನೂ ಕಂಡಿದ್ದೇನೆ, ಈಗ ಆಫ್‌ಸೆಟ್. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಲೆಟರ್‌ಹೆಡ್, ಏನೇ ಅಚ್ಚು ಹಾಕಿದರೂ ಆ ಒಂದು ಸಾಲಿಗೆ ಬಂದಾಗ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಬೇಕು. ನಮ್ಮೂರ ಹೆಸರನ್ನೇ ನೋಡಿ. ಕನ್ನಡದಲ್ಲಿ ಅಲೆವೂರು, ಮುಗಿಯಿತು. ಇಂಗ್ಲಿಷಿನಲ್ಲಿ ಒಬ್ಬರು ನಡುವೆ ಒಂದು 'ಯು' ಹಾಕುತ್ತಾರೆ, ಇನ್ನೊಬ್ಬರು ಎರಡು 'ಓ', ಮತ್ತೊಬ್ಬರು ಕೊನೆಗೂ ಒಂದು 'ಯು' ಅಂಟಿಸುತ್ತಾರೆ. ನನ್ನ ಪ್ರೆಸ್ಸಿನ ಇ-ಮೇಲ್‌ನಲ್ಲಿ ಊರ ಹೆಸರಿದೆ. ಹೋದ ವರ್ಷ ಗೃಹಪ್ರವೇಶದ ಗಿರಾಕಿಯೊಬ್ಬರು ತಿದ್ದಿದ ಪ್ರೂಫನ್ನು ಎರಡು 'ಓ' ಇರುವ ವಿಳಾಸಕ್ಕೆ ಕಳಿಸಿದರು. ನನಗೆ ಬರಲಿಲ್ಲ. ಒಪ್ಪಿದ್ದಾರೆ ಅಂದುಕೊಂಡು ಅಚ್ಚು ಹಾಕಿದೆ. ಮುಹೂರ್ತದ ಗಂಟೆಯೇ ತಪ್ಪು! ಮುನ್ನೂರು ಕಾಗದ ರದ್ದಿಗೆ ಹೋಯಿತು, ನನ್ನ ಖರ್ಚಿನಲ್ಲಿ. ಅದೇ ಗಿರಾಕಿ ಹದಿನೈದು ಪೈಸೆ ಕಾಲದ ಹಾಗೆ ಒಂದು ಕಾರ್ಡಿನ ಮೇಲೆ ಕನ್ನಡದಲ್ಲಿ 'ಅಲೆವೂರು, ಉಡುಪಿ' ಎಂದು ಬರೆದು ಡಬ್ಬಕ್ಕೆ ಹಾಕಿದ್ದರೆ ಪೋಸ್ಟ್‌ಮ್ಯಾನ್ ತಂದು ಕೈಗೆ ಕೊಡುತ್ತಿದ್ದ.

'ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಮಾರಾಯ್ರೆ' ಎನ್ನುವವರಿದ್ದಾರೆ. ಸುಳ್ಳು! ಶುದ್ಧ ಸುಳ್ಳು!

ಇ-ಮೇಲ್ ಸಾಗಿಸುವ ನಿಯಮವನ್ನು ಅಮೆರಿಕದ ಜಾನ್ ಪೋಸ್ಟೆಲ್ ಬರೆದದ್ದು 1982ರ ಆಗಸ್ಟ್‌ನಲ್ಲಿ. ಅದೇ ವರ್ಷ ಇಲ್ಲಿ ಡಾ. ರಾಜ್ ಗೋಕಾಕ್ ವರದಿಗಾಗಿ ಬೀದಿಗಿಳಿದಿದ್ದರು. ಪೋಸ್ಟೆಲ್ ಕೈಯಲ್ಲಿದ್ದದ್ದು ಆಸ್ಕಿ ಎಂಬ 128 ಮನೆಗಳ ಸಣ್ಣ ಕೇಸು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮಾತ್ರ ಜಾಗ. ಅವರನ್ನು ಬೈದು ಪ್ರಯೋಜನವಿಲ್ಲ. ಕನ್ನಡಕ್ಕೂ ಜಾಗ ಕೊಟ್ಟ ಯೂನಿಕೋಡ್ ಬಂದದ್ದೇ 1991ರಲ್ಲಿ. ಆದರೆ 2012ರ ಫೆಬ್ರವರಿಯಲ್ಲಿ ಹೊಸ ನಿಯಮವೂ ಬಂತು: ಇ-ಮೇಲ್ ವಿಳಾಸ ಯಾವ ಲಿಪಿಯಲ್ಲೂ ಇರಬಹುದು. ಅಂದಿನಿಂದ ಇಂದಿನವರೆಗೆ ಆಗಿರುವ ತಡಕ್ಕೆ ಯಂತ್ರ ಕಾರಣವಲ್ಲ, ಮನುಷ್ಯ ಕಾರಣ.

ಒಳಗುಟ್ಟು ಇಷ್ಟೇ. ವಿಳಾಸದಲ್ಲಿ 'ಅಟ್' ಗುರುತಿನ ಬಲಗಡೆ ಇರುವುದು ಡೊಮೈನ್. ಅದು ಕನ್ನಡದಲ್ಲಿದ್ದರೂ ಒಳಗೊಳಗೆ ಇಂಗ್ಲಿಷ್ ಅಕ್ಷರದ ಸಂಕೇತವಾಗಿ ಬದಲಾಗಿ ಹೇಗೋ ದಾಟುತ್ತದೆ. ಎಡಗಡೆ ಇರುವುದು ನಿಮ್ಮ ಹೆಸರು. ಅದಕ್ಕೆ ಅಂಥ ವೇಷ ಇಲ್ಲ, ಕನ್ನಡವಾಗಿಯೇ ಹೋಗಬೇಕು. ಕಳಿಸುವ ಸರ್ವರ್ ಪಡೆಯುವ ಸರ್ವರಿನ ಬಾಗಿಲು ತಟ್ಟಿದಾಗ ಅದು 'ನನಗೆ ಇಂತಿಂಥದ್ದು ಗೊತ್ತು' ಎಂದು ಪಟ್ಟಿ ಓದುತ್ತದೆ. ಆ ಪಟ್ಟಿಯಲ್ಲಿ 'ಎಸ್‌ಎಂಟಿಪಿಯುಟಿಎಫ್8' ಎಂಬ ಪದವಿದ್ದರೆ ಕಾಗದ ಒಳಗೆ. ಇಲ್ಲವಾದರೆ ಬಾಗಿಲಿನಿಂದಲೇ ವಾಪಸು! ದಾರಿಯ ಒಂದು ಸರ್ವರ್ ತಲೆಯಾಡಿಸದಿದ್ದರೂ ಕೆಲಸ ಕೆಟ್ಟಿತು.

ಈ ಪದ ಕಲಿಸಲು ಕೋಟಿ ರೂಪಾಯಿ ಬೇಕೇ? ಪೋಸ್ಟ್‌ಫಿಕ್ಸ್ ಎಂಬ ಪುಕ್ಕಟೆ ಸರ್ವರ್ ತಂತ್ರಾಂಶದಲ್ಲಿ 2015ರಿಂದಲೇ ಇದೆ. ಜಿಮೇಲ್ 2014ರ ಆಗಸ್ಟ್‌ನಲ್ಲಿ ಇಂಥ ವಿಳಾಸಗಳ ಜೊತೆ ಪತ್ರವ್ಯವಹಾರಕ್ಕೆ ಒಪ್ಪಿತು. ಮೈಕ್ರೋಸಾಫ್ಟ್ 2018ರ ಫೆಬ್ರವರಿಯಲ್ಲಿ ಭಾರತದ 15 ಭಾಷೆಗಳ ವಿಳಾಸಕ್ಕೆ ಬೆಂಬಲ ಸಾರಿತು. ರಾಜಸ್ಥಾನ ಸರಕಾರ 2017ರ ಡಿಸೆಂಬರ್‌ನಲ್ಲೇ ತನ್ನ ಜನರಿಗೆ ಹಿಂದಿ ಲಿಪಿಯ ಇ-ಮೇಲ್ ವಿಳಾಸ ಕೊಡಲು ಹೊರಟಿತು. ನಮ್ಮ ಬೆಂಗಳೂರಿಗೆ ಮಾತ್ರ 'ಐಟಿ ರಾಜಧಾನಿ' ಎಂಬ ಪಟ್ಟ!

ಡೊಮೈನಿನ ಕಥೆಯೂ ಕೇಳಿ. 2011ರಲ್ಲಿ 'ಭಾರತ' ಎಂಬ ಹೆಸರಿಗೆ ಏಳು ಲಿಪಿಗಳಲ್ಲಿ ಅಂತರಜಾಲದಲ್ಲಿ ಜಾಗ ಸಿಕ್ಕಿತು. ನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ತೆಲುಗು, ತಮಿಳು, ಉರ್ದು. ಕನ್ನಡ? ಮೊದಲ ಪಂಕ್ತಿಯಲ್ಲಿ ಕನ್ನಡಕ್ಕೆ ಎಲೆ ಹಾಕಲಿಲ್ಲ. 'ಡಾಟ್ ಭಾರತ' ಕನ್ನಡದಲ್ಲಿ ಬಂದದ್ದು ಆಮೇಲಿನ ಪಂಕ್ತಿಯಲ್ಲಿ. ಬಂದ ಮೇಲೆ ಅದನ್ನು ಬಳಸಿದವರೆಷ್ಟು? ನಮ್ಮ ಸಂಘ ಸಂಸ್ಥೆಗಳನ್ನೇ ಕೇಳುತ್ತಿದ್ದೇನೆ, ಬೇಸರ ಬೇಡ. ಕನ್ನಡಕ್ಕಾಗಿ ಬೋರ್ಡಿಗೆ ಮಸಿ ಬಳಿಯುತ್ತೇವೆ. ಮನವಿ ಪತ್ರದ ತಲೆಯಲ್ಲಿ ಇಂಗ್ಲಿಷ್ ವಿಳಾಸ!

ಮೋಸ ಹೆಚ್ಚುತ್ತದೆ, ಕನ್ನಡ-ತೆಲುಗು ಅಕ್ಷರ ಒಂದರ ಹಾಗೆ ಒಂದು ಕಾಣುತ್ತವೆ ಎಂಬ ವಾದವೂ ಉಂಟು. ಇದು ನಿಜ, ತಳ್ಳಿಹಾಕುವುದಿಲ್ಲ. ಆದರೆ ಯಾವ ಅಕ್ಷರ ಯಾವುದರ ಜೋಡಿ ಎಂದು ತಜ್ಞರು ಕೂತು ಡೊಮೈನ್ ಹೆಸರುಗಳಿಗಾಗಿ 2019ರಲ್ಲೇ ಕನ್ನಡದ ನಿಯಮ ಬರೆದಾಗಿದೆ. ಇಂಗ್ಲಿಷಿನ ಸೊನ್ನೆಗೂ 'ಓ'ಗೂ ಮೋಸ ಆಗುವುದಿಲ್ಲವೇ? ಅದಕ್ಕಾಗಿ ಇಂಗ್ಲಿಷ್ ಬಿಟ್ಟರೇ?

ಇನ್ನೊಂದು ಬದಲಾವಣೆ ನೋಡಿ. ಹಳೆಯ ಅಂತರಜಾಲ ಸಂಖ್ಯಾ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಆಮೇಲೆ ನಮ್ಮ ಮೊಬೈಲ್ ಕಂಪೆನಿಗಳು ಐಪಿವಿ6 ಎಂಬ ಹೊಸ ವಿಳಾಸಕ್ಕೆ ತಿರುಗಿದವು. ಭಾರತ ಇಂದು ಅದರಲ್ಲಿ ಮುಂದಿನ ಸಾಲಿನಲ್ಲಿದೆ. ವ್ಯಾಪಾರಕ್ಕೆ ಬೇಕಾದಾಗ ಎಲ್ಲ ಬದಲಾಗುತ್ತದೆ. ನಮ್ಮ ಅಕ್ಷರ ಅವರ ವ್ಯಾಪಾರಕ್ಕೆ ಇನ್ನೂ ಬೇಕಾಗಿಲ್ಲ, ಅಷ್ಟೇ.

ಈ ನೆಲದವರೇ ಆದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿ, 'ಸೇಡಿಯಾಪು' ತಂತ್ರಾಂಶ ಮಾಡಿ, ಯಾರ ಹತ್ತಿರವೂ ದುಡ್ಡು ಕೇಳದೆ ಹಂಚಿದರು. ಇವತ್ತು ನಾನು ಹೊಟ್ಟೆ ಹೊರೆಯುವುದು ಆ ಕೀಲಿಗಳ ಮೇಲೆ. (ನನ್ನ ಮನೆ ಮಾತು ತುಳು. ತುಳು ಲಿಪಿಗೂ 2024ರಲ್ಲಿ ಯೂನಿಕೋಡಿನಲ್ಲಿ ಜಾಗ ಸಿಕ್ಕಿತು. ಅದರ ಸರದಿಯೂ ಬರುತ್ತದೆ, ಬಾಗಿಲು ತೆರೆದಿಡಿ.)

ಅಕ್ಕನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಎರಡು ಸಂಜೆ ಕೂತು ನನ್ನ ಪ್ರೆಸ್ಸಿಗೆ ಪೂರ್ತಿ ಕನ್ನಡದ ವಿಳಾಸ ಮಾಡಿಕೊಟ್ಟ. 'ಮಾಮ, ಕಳಿಸಿ ನೋಡಿ' ಎಂದ. ಜಿಮೇಲ್‌ಗೆ ಕಳಿಸಿದೆ, ಹೋಯಿತು, ಉತ್ತರವೂ ಬಂತು! ಮರುದಿನ ಒಂದು ಬ್ಯಾಂಕಿನ ಫಾರಂನಲ್ಲಿ ಅದೇ ವಿಳಾಸ ತುಂಬಿದೆ. ಕೆಂಪು ಅಕ್ಷರದಲ್ಲಿ ಬಂತು: 'ಸರಿಯಾದ ಇ-ಮೇಲ್ ನಮೂದಿಸಿ.' ಅದೂ ಕನ್ನಡದಲ್ಲಿ!

ಆ ಫಾರಂ ಬರೆದವರು ಯಾರು? ಲಂಡನ್ನಿನವರಲ್ಲ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತ ನಿಮ್ಮಂಥವರೇ. 'ಎ ಇಂದ ಝಡ್ ಮಾತ್ರ' ಎಂದು ಒಂದು ಸಾಲು ಬರೆದು ನಿಮ್ಮ ಅಜ್ಜಿಯ ಹೆಸರನ್ನೇ ಹೊರಗಟ್ಟಿದ್ದೀರಿ. ನಾಳೆ ಆಫೀಸಿಗೆ ಹೋದವರು ಮೊದಲು ಆ ಸಾಲು ತೆರೆಯಿರಿ. ಸರ್ವರ್ ನೋಡಿಕೊಳ್ಳುವವರು ಆ ಪದ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಮೇಲಿನವರಿಗೆ ಲಿಖಿತವಾಗಿ ಕೇಳಿ. ಕನ್ನಡದಲ್ಲೇ ಕೇಳಿ. ನನ್ನ ಹೊಸ ಲೆಟರ್‌ಹೆಡ್ ಕಂಪೋಸ್ ಆಗಿದೆ, ಕೊನೆಯ ಸಾಲೂ ಕನ್ನಡ. ಸಾವಿರ ಪ್ರತಿ ಅಚ್ಚಿಗೆ ಹೋಗಲಿದೆ. ಕಾಗದ ವಾಪಸು ಬರುವುದಾದರೆ ಬರಲಿ, ಯಾವ ಬಾಗಿಲಿನಿಂದ ಬಂತೆಂದು ಬರೆದಿಟ್ಟುಕೊಳ್ಳುತ್ತೇನೆ.