ಮುಂಗಾರನ್ನು ಕಸಿಯುವ ಹೊಗೆ



ಪರಮಾಣು ಬಾಂಬೆಂದೊಡನೆ ನಮ್ಮ ಮೂಗೂರಿನ ಕಡೆಯವರು, ‘ಅದು ದೊಡ್ಡ ಪಟ್ಟಣಗಳ ವಿಪತ್ತು, ಹಳ್ಳಿಯವರಿಗೇನು?’ ಎನ್ನುವುದುಂಟು. ಈ ಭಾವನೆಯು ತಪ್ಪೆಂದು ತೋರಿಸುವುದೇ ಈ ಕಿರುಲೇಖನದ ಉದ್ದೇಶವು.

1945ನೆಯ ಆಗಸ್ಟ್ 6ರಂದು ಒಂದೇ ಬಾಂಬು ಹಿರೋಷಿಮಾ ನಗರವನ್ನು ಸುಟ್ಟಿತು. ಅಂತಹ ನೂರು ಬಾಂಬುಗಳು ಭಾರತ, ಪಾಕಿಸ್ತಾನಗಳ ನಗರಗಳ ಮೇಲೆ ಬಿದ್ದರೆ ಏನಾದೀತೆಂದು ಅಮೆರಿಕದ ವಿಜ್ಞಾನಿ ಅಲನ್ ರೋಬಾಕ್ ಮೊದಲಾದವರು 2007ರಲ್ಲಿ ಲೆಕ್ಕ ಹಾಕಿದರು. ಅವರ ಗಣನೆಯಂತೆ, ಉರಿಯುವ ನಗರಗಳಿಂದ 50 ಲಕ್ಷ ಟನ್ ಮಸಿಯು ಮೇಲಕ್ಕೇರುವುದು. ಮೋಡಗಳಿಗಿಂತ ಎತ್ತರದಲ್ಲಿ ನಿಲ್ಲುವ ಅದನ್ನು ಯಾವ ಮಳೆಯೂ ತೊಳೆಯಲಾರದು. ಬಿಸಿಲು ಕುಂದಿ, ಭೂಮಿಯ ಸರಾಸರಿ ಉಷ್ಣತೆಯು ಕೆಲವು ವರ್ಷಗಳ ಕಾಲ ಸುಮಾರು 1.25 ಡಿಗ್ರಿ ಸೆಲ್ಸಿಯಸ್ ಇಳಿಯುವುದು. ನೆಲವು ಚೆನ್ನಾಗಿ ಕಾಯದಿದ್ದರೆ ಕಡಲಿನ ಗಾಳಿಯನ್ನು ಸೆಳೆಯುವ ಬಲವು ತಗ್ಗಿ, ಮುಂಗಾರು ಕ್ಷೀಣಿಸುವುದು.

ಮುಂಗಾರು ಸೋತರೆ ಕೊಡಗಿನಲ್ಲಿ ಹುಟ್ಟುವ ಕಾವೇರಿಯೂ ವಯನಾಡಿನಿಂದ ಬರುವ ಕಪಿಲೆಯೂ ಬಡವಾಗುವುವು. ಆಗ ನಮ್ಮ ನಾಲೆಗಳಿಗೆ ನೀರೆಲ್ಲಿ, ಗದ್ದೆಗಳಲ್ಲಿ ಬತ್ತವೆಲ್ಲಿ? ಬಾಂಬು ಬೀಳದ ಊರಿನಲ್ಲಿಯೂ ಒಲೆಯು ಆರುವುದು.

1974ರ ಪೋಖ್ರಾನ್ ಪರೀಕ್ಷೆಯನ್ನು ನಡೆಸಿದ ವಿಜ್ಞಾನಿಗಳ ಮುಂದಾಳು ರಾಜಾ ರಾಮಣ್ಣನವರು ನಮ್ಮ ತುಮಕೂರಿನಲ್ಲಿ ಹುಟ್ಟಿದವರು. ಅವರ ವಿದ್ವತ್ತಿಗಾಗಿ ಹೆಮ್ಮೆಪಡುವುದು ಸಹಜವೇ. ಆದರೆ ಈ ಅಸ್ತ್ರಗಳು ದೇಶದ ರಕ್ಷಣೆಗೆಂಬ ವಾದವನ್ನು ನಾನು ಒಪ್ಪಲಾರೆನು. ಗೆದ್ದವನ ಹೊಲಕ್ಕೂ ಮಳೆಯನ್ನು ತಪ್ಪಿಸುವ ಆಯುಧವು ಯಾರನ್ನು ತಾನೇ ರಕ್ಷಿಸೀತು?

ಸಹೋದರಿಯರೇ, ಶಾಲೆಯಲ್ಲಿ ಕಲಿತ ಅಕ್ಷರವು ಇಂತಹ ವಿಷಯಗಳನ್ನು ಓದಿ ವಿಚಾರಮಾಡುವುದಕ್ಕಾಗಿಯೇ ಅಲ್ಲವೇ? ಇದನ್ನು ನಿಮ್ಮ ಮಕ್ಕಳಿಗೆ ತಿಳಿಸಿರಿ. ಮತವನ್ನು ಯಾಚಿಸಿ ಬಾಗಿಲಿಗೆ ಬರುವವರನ್ನೂ ಈ ಪ್ರಶ್ನೆಯನ್ನು ಕೇಳಿರಿ.